ತಾಳಗುಂದದ ಮಯೂರನೂ ಚಲಚ್ಚಿತ್ರದ ಮಯೂರನೂ

ಇತಿಹಾಸವನ್ನು ವಸ್ತುವಾಗಿ ಹಿಡಿದ ಚಲಚ್ಚಿತ್ರದಲ್ಲಿ ಸತ್ಯಕ್ಕೆ ಲೋಪವಾಗಿದೆಯೆಂದು ಯಾರಾದರೂ ಆಕ್ಷೇಪಿಸಿದೊಡನೆ ಸಿದ್ಧವಾದ ಉತ್ತರವೊಂದು ಬರುವುದು: ಚಿತ್ರವು ಮನೋರಂಜನೆಗಾಗಿ ಹುಟ್ಟಿದುದು, ಅದೇನು ಪಾಠಪುಸ್ತಕವಲ್ಲ. ಈ ಉತ್ತರದಲ್ಲಿ ಅರ್ಧ ಸತ್ಯವುಂಟು. ಅದನ್ನು ಮೊದಲೇ ಒಪ್ಪಿಬಿಡುವುದು ಲೇಸು. 4ನೆಯ ಶತಮಾನದ ನುಡಿಯನ್ನೇ ಪಾತ್ರಗಳ ಬಾಯಲ್ಲಿ ಇಡಬೇಕೆಂದರೆ ಪ್ರೇಕ್ಷಕನಿಗೆ ಏನೂ ತಿಳಿಯಲಾರದು. ಕಿರೀಟದ ಆಕಾರವನ್ನೂ ರಥದ ಗಾಲಿಯನ್ನೂ ಹಿಡಿದು ಜಗ್ಗಾಡುವ ಪಂಡಿತರಿಂದ ಸತ್ಯದ ಪಕ್ಷಕ್ಕೆ ಉಪಕಾರವಿಲ್ಲ.

ಪ್ರಶ್ನೆಯಿರುವುದು ಬೇರೆಡೆಯಲ್ಲಿ. 1975ರಲ್ಲಿ ತೆರೆಗೆ ಬಂದ ‘ಮಯೂರ’ವನ್ನೇ ತೆಗೆದುಕೊಳ್ಳಬಹುದು. ದೇವುಡು ನರಸಿಂಹಶಾಸ್ತ್ರಿಗಳ ಕಾದಂಬರಿಯನ್ನು ಆಧರಿಸಿದ ಈ ಚಿತ್ರವನ್ನು ರಾಜಕುಮಾರರ ಅಭಿನಯಕ್ಕಾಗಿ ನಾಡು ಮೆಚ್ಚಿತು, ಮೆಚ್ಚಿದುದು ಯುಕ್ತವೇ. ಬನವಾಸಿಯ ಹೆಸರನ್ನೇ ಕೇಳದಿದ್ದ ಎಷ್ಟೋ ಮನೆಗಳಿಗೆ ಕದಂಬರನ್ನು ಪರಿಚಯಿಸಿದ ಪುಣ್ಯವೂ ಅದಕ್ಕೆ ಸಲ್ಲತಕ್ಕದ್ದು. ಆದರೆ ಆ ಪರಿಚಯವು ಎಂತಹುದು? ಬ್ರಾಹ್ಮಣ ವಟುವಾಗಿ ಬೆಳೆದ ಮಯೂರನು, ತಾನು ಹುಟ್ಟಿನಿಂದ ಕ್ಷತ್ರಿಯನೆಂದೂ ಪಲ್ಲವರಿಂದ ಹತನಾದ ಕದಂಬ ದೊರೆಯ ಮಗನೆಂದೂ ಅರಿಯುವನು. ಈ ಮಾರ್ಪಾಟು ಮೊದಲು ಯಾರ ಲೇಖನಿಯಲ್ಲಿ ಹುಟ್ಟಿತೆಂಬುದು ಇಲ್ಲಿ ಮುಖ್ಯವಲ್ಲ. ಅದನ್ನು ಊರೂರಿಗೆ ಮುಟ್ಟಿಸಿದುದು ಚಿತ್ರ.

ಶಿಕಾರಿಪುರ ತಾಲ್ಲೂಕಿನ ತಾಳಗುಂದದಲ್ಲಿ, ಪ್ರಣವೇಶ್ವರ ದೇವಾಲಯದ ಮುಂದೆ ನಿಂತಿರುವ ಕಲ್ಲುಕಂಬವು ಹೇಳುವ ಕಥೆಯೇ ಬೇರೆ. ಮಯೂರಶರ್ಮನ ವಂಶಜನಾದ ಶಾಂತಿವರ್ಮನ ಕಾಲದಲ್ಲಿ, ಎಂದರೆ ಸುಮಾರು ಕ್ರಿ.ಶ. 450ರಲ್ಲಿ, ಕುಬ್ಜನೆಂಬ ಕವಿಯು ರಚಿಸಿದ ಸಂಸ್ಕೃತ ಶಾಸನವದು. ಅದರ ಪ್ರಕಾರ ಕದಂಬರು ಮಾನವ್ಯಗೋತ್ರದ, ವೇದಾಧ್ಯಯನನಿರತವಾದ ಬ್ರಾಹ್ಮಣ ಕುಲದವರು. ಮನೆಯ ಬಳಿ ಬೆಳೆದ ಕದಂಬವೃಕ್ಷದಿಂದ ಅವರಿಗೆ ಆ ಹೆಸರು ಬಂದಿತು. ಗುರು ವೀರಶರ್ಮನೊಡನೆ ಕಂಚಿಯ ಘಟಿಕೆಗೆ ಓದಲು ಹೋದ ಮಯೂರಶರ್ಮನಿಗೆ ಅಲ್ಲಿ ಪಲ್ಲವರ ಕುದುರೆಸವಾರನೊಡನೆ ಕಲಹವಾಯಿತು. ಅವಮಾನದಿಂದ ಕುದಿದು, ದರ್ಭೆ ಸಮಿತ್ತುಗಳಲ್ಲಿ ಪಳಗಿದ ಕೈಯಿಂದಲೇ ಆತನು ಆಯುಧವನ್ನು ಹಿಡಿದನೆಂದು ಶಾಸನಕವಿ ವರ್ಣಿಸುವನು. ಗಡಿಕಾವಲಿನವರನ್ನು ಸೋಲಿಸಿ, ಶ್ರೀಪರ್ವತದವರೆಗಿನ ಕಾಡನ್ನು ಹಿಡಿದು, ಬೃಹದ್ಬಾಣರಿಂದ ಕಪ್ಪವನ್ನು ವಸೂಲು ಮಾಡಿದನು. ಕಡೆಗೆ ಪಲ್ಲವರೇ ಸಂಧಿ ಮಾಡಿಕೊಂಡು, ಪಶ್ಚಿಮ ಸಮುದ್ರದಿಂದ ಪ್ರೇಹರದವರೆಗಿನ ನೆಲವನ್ನಿತ್ತು ಪಟ್ಟ ಕಟ್ಟಿದರು.

ಇವೆರಡರ ಅಂತರವು ತಾರೀಖಿನ ಅಂತರವಲ್ಲ. ಶಾಸನದ ಮಯೂರನಿಗೆ ಮರಳಿ ಪಡೆಯಬೇಕಾದ ಸಿಂಹಾಸನವೇ ಇರಲಿಲ್ಲ. ಓದಲು ಹೋದ ಹುಡುಗನೊಬ್ಬನು ರಾಜ್ಯವನ್ನೇ ಕಟ್ಟಿದನು. ಚಿತ್ರವು ಆ ಸಾಹಸವನ್ನು ದಾಯಾದ್ಯದ ವ್ಯಾಜ್ಯಕ್ಕೆ ಇಳಿಸಿತು. ಅರಸುತನವು ರಕ್ತದಲ್ಲಿದ್ದವನಿಗಲ್ಲದೆ ದಕ್ಕದೆಂಬ ಭಾವನೆಯನ್ನು, ಗಣರಾಜ್ಯವು ಸ್ಥಾಪಿತವಾಗಿ 25 ವರ್ಷಗಳಾದ ಮೇಲೆ, ಕನ್ನಡದ ಮಕ್ಕಳಿಗೆ ಹಾಡು ಕುಣಿತಗಳೊಡನೆ ಉಣಿಸಿದಂತಾಯಿತು.

ಶಾಸನವೂ ಒಂದು ಪ್ರಶಸ್ತಿಯಲ್ಲವೆ, ಆಸ್ಥಾನಕವಿಯ ಸ್ತುತಿಯನ್ನು ನಂಬುವುದೆಂತು ಎಂದು ಬುದ್ಧಿವಂತರು ಕೇಳಬಹುದು. ಕೇಳತಕ್ಕ ಪ್ರಶ್ನೆಯೇ ಸರಿ. ಆದರೆ ಸ್ತುತಿಸಲೆಂದೇ ಕುಳಿತ ಕವಿಗೆ ತನ್ನ ದೊರೆಯ ಮೂಲಪುರುಷನನ್ನು ರಾಜವಂಶಕ್ಕೆ ಸೇರಿಸಲು ಅಡ್ಡಿಯೇನಿತ್ತು? ಅಷ್ಟು ಸುಲಭವಾದ ಹೊಗಳಿಕೆಯನ್ನು ಕುಬ್ಜನು ಮಾಡಲಿಲ್ಲವೆಂಬುದೇ ಅವನ ಮಾತಿಗೆ ಬಲವನ್ನು ಕೊಡುವುದು. ಶತಮಾನಗಳ ತರುವಾಯ ಬಂದ ಕದಂಬ ಶಾಖೆಗಳವರು ಆ ಸರಳತೆಗೆ ನಾಚಿದರೋ ಏನೋ! ಶಿವನ ಬೆವರಹನಿಯಿಂದ ಕದಂಬವೃಕ್ಷದ ಕೆಳಗೆ ಹುಟ್ಟಿದ ತ್ರಿಲೋಚನನನ್ನು ಮೂಲಪುರುಷನನ್ನಾಗಿ ಮಾಡಿಕೊಂಡರು. ಚಿತ್ರವು ಹಿಡಿದುದು ಈ ಹಾದಿಯನ್ನೇ.

ಇನ್ನು ಕಾಳಿದಾಸನನ್ನು ಮುಂದಿಡುವವರುಂಟು. ಮಹಾಭಾರತದಲ್ಲಿಲ್ಲದ ದುರ್ವಾಸರ ಶಾಪವನ್ನು ಶಾಕುಂತಲದಲ್ಲಿ ತಂದವನು ಅವನಲ್ಲವೆ? ಹೌದು. ರಸಕ್ಕೆ ಒಗ್ಗದ ಸಂಗತಿಯನ್ನು ಬಿಟ್ಟು ಬೇರೊಂದನ್ನು ಕಲ್ಪಿಸಬಹುದೆಂದು ಆನಂದವರ್ಧನನೇ ಧ್ವನ್ಯಾಲೋಕದಲ್ಲಿ ಅನುಮತಿ ಕೊಟ್ಟಿರುವನು. ಬರಿಯ ಕಥಾನಿರೂಪಣೆಯು ಇತಿಹಾಸದಿಂದಲೇ ಆಗುವುದೆಂಬುದೂ ಅವನ ಅಭಿಪ್ರಾಯವೇ. ಆದರೆ ಜನಮನದಲ್ಲಿ ನೆಲೆಗೊಂಡ ಕಥೆಯಲ್ಲಿ ರಸಕ್ಕೆ ವಿರುದ್ಧವಾದ ಸ್ವೇಚ್ಛೆಯನ್ನು ಅವನು ನಿಷೇಧಿಸಿರುವುದನ್ನು ಈ ವಾದಿಗಳು ಓದುವುದಿಲ್ಲ. ಶಾಪವು ದುಷ್ಯಂತನನ್ನು ಮೇಲೆತ್ತಿತು. ವೀರಕ್ಕೆ ಸ್ಥಾಯಿಯು ಉತ್ಸಾಹ. ಹುಟ್ಟಿನ ಹಕ್ಕು ದೊರೆತಷ್ಟೂ ಮಯೂರನ ಉತ್ಸಾಹಕ್ಕೆ ಬೆಲೆ ಇಳಿಯಿತು. ಘಟಿಕೆಯ ಬಾಗಿಲು, ಕುದುರೆಸವಾರನ ದರ್ಪ, ದರ್ಭೆಯ ಕೈಗೆ ಬಂದ ಕತ್ತಿ: ಕಲ್ಲಿನಲ್ಲಿ ಸಿದ್ಧವಾಗಿಯೇ ಇದ್ದ ಇಂತಹ ನಾಟಕವನ್ನು ಬಿಟ್ಟು, ಕಂಪೆನಿ ನಾಟಕದವರು ಸವೆಸಿದ ಕಳೆದುಹೋದ ರಾಜಕುಮಾರನ ಕಥೆಗೆ ಕೈಚಾಚಿದುದರಿಂದ ಮನೋರಂಜನೆಗಾದರೂ ಲಾಭವೇನಾಯಿತು?

ಮುಂದೆ ಇಂತಹ ಚಿತ್ರಗಳನ್ನು ತೆಗೆಯುವವರಲ್ಲಿ ಇಡಬಹುದಾದ ಬೇಡಿಕೆಯು ಸಣ್ಣದು. ಪಾತ್ರಗಳೆಲ್ಲ ಕಾಲ್ಪನಿಕವೆಂಬ ಒಂದು ಸಾಲನ್ನು ಮಿಂಚಿಸಿ ಕೈ ತೊಳೆದುಕೊಳ್ಳದೆ, ಶಾಸನವು ಹೇಳುವುದೇನು, ಚಿತ್ರವು ಬದಲಿಸಿದುದೇನು ಎಂಬುದನ್ನು ಆರಂಭದಲ್ಲಿಯೇ ಸ್ಪಷ್ಟವಾಗಿ ಬರೆದು ತೋರಿಸಲಿ. ಅದಕ್ಕೆ ಅರ್ಧ ನಿಮಿಷ ಸಾಕು. ಹಾಡಿನ ಪಲ್ಲವಿಗೂ ಅದಕ್ಕಿಂತ ಹೆಚ್ಚು ಹೊತ್ತು ಹಿಡಿಯುವುದು.