ಸಂಕಮ್ಮನ ಸಾಲೂ ಪಾಡ್‌ಕಾಸ್ಟಿನ ಹರಟೆಯೂ

ಸಂಗೀತವನ್ನು ಕೇಳುವುದು ಎಂತಹ ಸುಖವೋ, ಕೇಳಿದ ಸಂಗೀತವನ್ನು ಕುರಿತು ನಾಲ್ಕು ಜನ ಸಮಾನಾಸಕ್ತರು ಕುಳಿತು ಮಾತನಾಡಿಕೊಳ್ಳುವುದೂ ಅಂತಹುದೇ ಒಂದು ಸುಖವೆಂಬುದನ್ನು ನಮ್ಮ ಹಿರಿಯರು ಬಲ್ಲವರಾಗಿದ್ದರು. ಆ ಹಳೆಯ ಸುಖಕ್ಕೆ ಈಗ ಪಾಡ್‌ಕಾಸ್ಟ್ ಎಂಬ ಹೊಸದೊಂದು ಜಗಲಿ ದೊರೆತಿದೆ. ಮೈಕಿನ ಮುಂದೆ ಇಬ್ಬರೋ ಮೂವರೋ ಕುಳಿತು, ತಮಗೆ ಮೆಚ್ಚಾದ ಆಲ್ಬಂ ಯಾವುದು, ಅದರಲ್ಲಿ ಯಾವ ಹಾಡು ಎತ್ತರದ್ದು, ಈ ವಾರ ಯಾರ ಹಾಡು ಬಿಡುಗಡೆಯಾಯಿತು, ಯಾವ ಚಿತ್ರದ ಹಾಡಿನ ಹಕ್ಕನ್ನು ಯಾವ ಕಂಪನಿ ಕೊಂಡಿತು ಎಂದು ಗಂಟೆಗಟ್ಟಲೆ ಹರಟುವುದನ್ನು ಕಿವಿಗೆ ಸಿಕ್ಕಿಸಿಕೊಂಡು ಕೇಳುವ ತರುಣರು ಬೆಂಗಳೂರಿನ ಮೆಟ್ರೋದಲ್ಲಿ ಮಾತ್ರವಲ್ಲ, ಚಾಮರಾಜನಗರದಿಂದ ಮೈಸೂರಿಗೆ ಹೋಗುವ ಬೆಳಗಿನ ಬಸ್ಸಿನಲ್ಲಿಯೂ ಇದ್ದಾರೆ. ಇದನ್ನು ಕಾಲಹರಣವೆಂದು ಹಳಿಯುವವರ ಪಂಕ್ತಿಗೆ ನಾನು ಸೇರಿದವನಲ್ಲ. ನನ್ನ ಆಕ್ಷೇಪಣೆ ಬೇರೆಯದು: ಈ ಸಂಭಾಷಣೆಗಳಲ್ಲಿ ನಮ್ಮ ಚಾಮರಾಜನಗರ ಸೀಮೆಯ ಹೆಸರು ಬರುವುದು ಜಗಳವಾದಾಗ ಮಾತ್ರ.

2020ರ ಆಗಸ್ಟ್ ತಿಂಗಳಿನಲ್ಲಿ ಗಾಯಕ ಚಂದನ್ ಶೆಟ್ಟಿಯವರು ಮಾದಪ್ಪನ, ಎಂದರೆ ಮಲೆಯ ಮಾದೇಶ್ವರನ, ಪರಂಪರೆಯ ‘ಕೋಲುಮಂಡೆ’ ಹಾಡನ್ನು ರ‍್ಯಾಪ್ ಶೈಲಿಗೆ ಅಳವಡಿಸಿ ಆನಂದ್ ಆಡಿಯೋದ ಮೂಲಕ ಹೊರತಂದಾಗ, ಅದರ ದೃಶ್ಯಭಾಗದಲ್ಲಿ ಶರಣೆ ಸಂಕಮ್ಮನನ್ನು ತೋರಿಸಿದ ರೀತಿ ಮಾದಪ್ಪನ ಒಕ್ಕಲಿಗೆ ನೋವನ್ನುಂಟುಮಾಡಿತು. ಆಕ್ಷೇಪಗಳು ಎದ್ದವು, ಗಾಯಕರು ಕ್ಷಮೆ ಕೇಳಿದರು, ಹಾಡನ್ನು ಯೂಟ್ಯೂಬಿನಿಂದ ತೆಗೆಯಲಾಯಿತು. ವಾರ್ತೆಯಾಗಿ ಇಷ್ಟೇ. ಅಂದಿನ ಚರ್ಚೆಗಳಲ್ಲಿ ಒಂದು ಪಕ್ಷ ಕಲಾಸ್ವಾತಂತ್ರ್ಯವೆಂದಿತು, ಮತ್ತೊಂದು ಪಕ್ಷ ಧರ್ಮಶ್ರದ್ಧೆಯೆಂದಿತು. ಈ ಸಂಕಮ್ಮ ಯಾರು, ಅವಳ ಕಥೆಯನ್ನು ಯಾರು, ಎಲ್ಲಿ, ಎಷ್ಟು ಹೊತ್ತು, ಯಾವ ವಾದ್ಯಗಳೊಡನೆ ಹಾಡುತ್ತ ಬಂದಿದ್ದಾರೆ ಎಂಬುದನ್ನು ವಿಚಾರಿಸುವ ವ್ಯವಧಾನ ಎರಡೂ ಪಕ್ಷಗಳಲ್ಲಿ ಹೆಚ್ಚಿನವರಿಗೆ ಇರಲಿಲ್ಲ.

ಮಲೆಯ ಮಾದೇಶ್ವರನ ಮಹಾಕಾವ್ಯ ಅನೇಕ ಸಾಲುಗಳಾಗಿ ಹರಡಿಕೊಂಡಿರತಕ್ಕದ್ದು. ಅದರಲ್ಲಿ ಸಂಕಮ್ಮನ ಸಾಲು ಅತ್ಯಂತ ಕರುಣಾಜನಕವಾದುದು. ಅವಳ ಗಂಡ ಸೋಲಿಗರ ನೀಲೇಗೌಡ. ಜೇನು ಬೇಟೆಗೆಂದು ಹೊರಟವನು, ತಾನಿಲ್ಲದ ಕಾಲದಲ್ಲಿ ಹೆಂಡತಿಯ ಶೀಲ ಹೇಗಿರುವುದೋ ಎಂಬ ಸಂಶಯಕ್ಕೆ ಸಿಕ್ಕಿ, ಭಾಷೆ ಕೊಡೆಂದು ಅವಳನ್ನು ಪೀಡಿಸುತ್ತಾನೆ. ಅವಳು ಕೊಡಲೊಲ್ಲದಿದ್ದಾಗ ಹಿಂಸಿಸಿ, ಮಾಟಮಂತ್ರಗಳಿಂದ ದಿಗ್ಬಂಧನ ಮಾಡಿ, ಗುಡಿಸಲಿನಲ್ಲಿ ಕೂಡಿಹಾಕಿ ಹೋಗುತ್ತಾನೆ. ಜಂಗಮನ ವೇಷದಲ್ಲಿ ಬಂದ ಮಾದಪ್ಪನು ಅವಳ ಬಂಧನವನ್ನು ಬಿಡಿಸಿ ಕಾರಯ್ಯ, ಬಿಲ್ಲಯ್ಯ ಎಂಬ ಇಬ್ಬರು ಮಕ್ಕಳ ಫಲವನ್ನು ಕರುಣಿಸುತ್ತಾನೆ. ಹೀಗೆ ಹೆಣ್ಣಿನ ಶರೀರದ ಮೇಲೆ ಗಂಡಸು ಇಟ್ಟ ಸಂಶಯದ ಕಣ್ಣೇ ಈ ಕಥೆಯ ವಸ್ತುವಾಗಿರುವಾಗ, ಅದೇ ಹೆಣ್ಣನ್ನು ಕ್ಯಾಮೆರಾ ಯಾವ ಕಣ್ಣಿನಿಂದ ನೋಡಿತು ಎಂಬ ಪ್ರಶ್ನೆ ಕೇವಲ ಉಡುಪಿನ ಪ್ರಶ್ನೆಯಾಗಿ ಉಳಿಯುವುದಿಲ್ಲ, ಕಾವ್ಯವಿಮರ್ಶೆಯ ಪ್ರಶ್ನೆಯಾಗುತ್ತದೆ. ಕಥೆ ಗೊತ್ತಿದ್ದ ನಾಲ್ಕು ಜನ ಅಂದು ಮೈಕಿನ ಮುಂದೆ ಕುಳಿತಿದ್ದರೆ, ಇದೇ ಹಾಡು 1996ರಲ್ಲಿ ನಾಗಾಭರಣರ ‘ಜನುಮದ ಜೋಡಿ’ ಚಿತ್ರದಲ್ಲಿ ವಿ. ಮನೋಹರರ ಸಂಗೀತದಲ್ಲಿ ಬಂದಾಗ, ಹಾಡಿದ ಎಲ್.ಎನ್. ಶಾಸ್ತ್ರಿಗಳಿಗೆ ರಾಜ್ಯಪ್ರಶಸ್ತಿಯೂ ಸಂದು, ಮಾದಪ್ಪನ ಒಕ್ಕಲೇ ಅದನ್ನು ತಲೆಯ ಮೇಲೆ ಹೊತ್ತುಕೊಂಡದ್ದು ಏಕೆ ಎಂಬುದನ್ನೂ ಅವರು ಕೇಳಬಹುದಾಗಿತ್ತು. ಒಂದೇ ಪದ, ಎರಡು ಕಾಲ, ಎರಡು ಗತಿ. ಸಂಗೀತಚರ್ಚೆಗೆ ಇದಕ್ಕಿಂತ ರಸವತ್ತಾದ ವಿಷಯ ಬೇರೆ ಯಾವುದು ಬೇಕು?

ಆದರೆ ಇಂತಹ ಚರ್ಚೆಗೆ ಅವಕಾಶವಿಲ್ಲದಂತೆ ಮಾಡಿದ್ದು ಕಾಲದ ಅಳತೆ. ಧ್ವನಿಮುದ್ರಣದ ಚರಿತ್ರೆಯೇ ಒಂದು ಅರ್ಥದಲ್ಲಿ ಹಾಡನ್ನು ಕತ್ತರಿಸಿದ ಚರಿತ್ರೆ. 1902ರಲ್ಲಿ ಕಲಕತ್ತೆಯಲ್ಲಿ ಗೌಹರ್ ಜಾನ್ ಗ್ರಾಮಫೋನಿಗೆ ಹಾಡಿದಾಗ, ಗಂಟೆಗಟ್ಟಲೆ ವಿಸ್ತರಿಸಬೇಕಾದ ರಾಗವನ್ನು ಸುಮಾರು ಮೂರು ನಿಮಿಷಗಳೊಳಗೆ ಅಡಕಮಾಡಬೇಕಾಯಿತು. ಹಾಡಿನ ಕೊನೆಯಲ್ಲಿ ಆಕೆ ತನ್ನ ಹೆಸರನ್ನು ಗಟ್ಟಿಯಾಗಿ ಹೇಳಿ ಮುಗಿಸುತ್ತಿದ್ದುದು ಪ್ರಸಿದ್ಧವಾದ ಸಂಗತಿ. ಆ ಮಹಾಗಾಯಕಿ ಕಡೆಗಾಲದಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಸ್ಥಾನವನ್ನು ಸೇರಿ, 1930ರ ಜನವರಿಯಲ್ಲಿ ಮೈಸೂರಿನಲ್ಲಿಯೇ ತೀರಿಕೊಂಡಳು ಎಂಬುದು ನಮ್ಮಲ್ಲಿ ಎಷ್ಟು ಜನಕ್ಕೆ ನೆನಪಿದೆಯೋ! ಮೂರು ನಿಮಿಷದ ಆ ಕಟ್ಟು ಚಲನಚಿತ್ರದ ಹಾಡಿಗೂ ಅಂಟಿಕೊಂಡು ಬಂದು, ಈಗ ರೀಲ್ಸಿನ ಅರೆನಿಮಿಷಕ್ಕೆ ಇಳಿದಿದೆ.

ಕ್ಯಾಸೆಟ್ಟು ಬಂದ ಮೇಲೆ ಕೊಂಚ ಉಸಿರಾಡಲು ಜಾಗವಾಯಿತು. 1978ರಲ್ಲಿ ಮೈಸೂರು ಅನಂತಸ್ವಾಮಿಯವರು ನಿಸಾರ್ ಅಹಮದರ ಕವಿತೆಗಳಿಗೆ ಸಂಗೀತ ಕೂಡಿಸಿದ ‘ನಿತ್ಯೋತ್ಸವ’, ಕನ್ನಡ ಭಾವಗೀತೆಗಳ ಮೊದಲ ಧ್ವನಿಸುರುಳಿಯೆಂಬ ಕೀರ್ತಿಗೆ ಪಾತ್ರವಾಗಿ, ಕವಿತೆಗಳ ಒಂದು ಗುಚ್ಛವನ್ನೇ ಒಟ್ಟಾಗಿ ಕೇಳುವ ಅಭ್ಯಾಸವನ್ನು ಕಲಿಸಿತು. ನಗರದ ಸಂಗೀತಪ್ರಿಯರು ಮೆಚ್ಚಿನ ಆಲ್ಬಂ ಎಂದಾಗ ಇದನ್ನೋ, ಅಶ್ವತ್ಥರ ‘ಮೈಸೂರು ಮಲ್ಲಿಗೆ’ಯನ್ನೋ, ರಘು ದೀಕ್ಷಿತರ ಹಾಡುಗಳನ್ನೋ ಹೆಸರಿಸುತ್ತಾರೆ, ಅದು ಸಾಧುವೇ. ನಮ್ಮ ಸೀಮೆಯ ಒಕ್ಕಲು ಮನೆಗಳಲ್ಲಾದರೋ, ಟೇಪ್‌ರೆಕಾರ್ಡರಿನ ಪಕ್ಕದಲ್ಲಿ ಗುಪ್ಪೆ ಬಿದ್ದಿರುತ್ತಿದ್ದುದು ಮಳವಳ್ಳಿ ಮಹದೇವಸ್ವಾಮಿಯವರು ಹಾಡಿದ ಮಂಟೇಸ್ವಾಮಿ, ಸಿದ್ದಪ್ಪಾಜಿ, ಮಾದೇಶ್ವರರ ಕಥೆಗಳು. ಅರಿಸಿನದ ಹೊಲದಿಂದ ಬಂದವರು ಕೈಕಾಲು ತೊಳೆದುಕೊಂಡು ಕೇಳುತ್ತಿದ್ದ ಆ ಸುರುಳಿಗಳನ್ನು ಆಲ್ಬಂ ಎಂದು ಕರೆಯಲು ನಮಗೆ ಸಂಕೋಚವೇಕೆ?

ಆ ಸುರುಳಿಗಳ ರಚನೆಯಲ್ಲಿ ಕುಶಲತೆಯೂ ಇತ್ತು. ಅರವತ್ತು ನಿಮಿಷದ ಕ್ಯಾಸೆಟ್ಟಿನಲ್ಲಿ ಒಂದು ಮಗ್ಗುಲಿಗೆ ಅರ್ಧ ಗಂಟೆ. ಇಡೀ ರಾತ್ರಿ ನಡೆಯಬೇಕಾದ ಕಥೆಯನ್ನು ಆ ಅರ್ಧ ಗಂಟೆಗಳಲ್ಲಿ ಎಲ್ಲಿ ತುಂಡರಿಸಬೇಕೆಂಬುದು ಕಥೆಗಾರನ ವಿವೇಕಕ್ಕೆ ಬಿಟ್ಟ ವಿಷಯ. ಒಳ್ಳೆಯ ಕ್ಯಾಸೆಟ್ಟಿನಲ್ಲಿ ಹಿಮ್ಮೇಳದವರು ಸೊಲ್ಲನ್ನು ಎತ್ತಿಕೊಂಡು, ದಮ್ಮಡಿಯ ಪೆಟ್ಟು ಒಂದು ಮುಕ್ತಾಯಕ್ಕೆ ಬಂದು, ಮುಂದೇನಾಯಿತೋ ಎಂಬ ಕುತೂಹಲ ಉಳಿಯುವಂತೆ ಮಗ್ಗುಲು ಮುಗಿಯುತ್ತಿತ್ತು. ಅವಸರದಲ್ಲಿ ಮಾಡಿದ ಕ್ಯಾಸೆಟ್ಟಿನಲ್ಲಿ ಹಲಗೂರಿನ ಪಾಂಚಾಳರ ಮನೆಗೆ ಕಬ್ಬಿಣದ ಭಿಕ್ಷೆಗೆ ಹೋದ ಸಿದ್ದಪ್ಪಾಜಿ ಬಾಗಿಲಲ್ಲಿ ನಿಂತಿರುವಾಗಲೇ, ಅರ್ಧ ಮಾತಿನಲ್ಲಿ, ಟಕ್ಕನೆ ಸದ್ದು ನಿಲ್ಲುತ್ತಿತ್ತು. ಮಗ್ಗುಲು ಬದಲಿಸಿ ಹಾಕುವವರೆಗೆ ಆ ಪುಣ್ಯಾತ್ಮ ಬಿಸಿಲಲ್ಲಿಯೇ ನಿಲ್ಲಬೇಕು.

ಇಷ್ಟನ್ನೆಲ್ಲ ಗಮನಿಸಿ ಅಳೆಯುವ ವಿಮರ್ಶಕರು ಇಲ್ಲಿ ಇಲ್ಲವೆಂದಲ್ಲ. ಹರಕೆ ಹೊತ್ತ ಮನೆಯವರು ಮಂಟೇಸ್ವಾಮಿ ಪರಂಪರೆಯ ಕಥೆಗಾರರಾದ ನೀಲಗಾರರನ್ನು ಕರೆಸಿ ಕಥೆ ಮಾಡಿಸುವ ರಾತ್ರಿ, ಅಂಗಳದ ಕಂಬಕ್ಕೊರಗಿ ಕುಳಿತ ಮುದುಕರ ಮಾತುಗಳನ್ನು ಕೇಳಿದವರಿಗೆ ಅದು ಗೊತ್ತು. ಕಲ್ಯಾಣದ ಸಾಲನ್ನು ಇವನು ಓಡಿಸಿಬಿಟ್ಟ, ಅವನಾದರೆ ಅಲ್ಲಿ ಒಂದು ಜಾವ ಕೂರಿಸುತ್ತಿದ್ದ. ಇವನಿಗೆ ತಂಬೂರಿ ಶ್ರುತಿ ಇದೆ, ಗಗ್ಗರ ಹಿಡಿದ ಕೈ ಸಾಲದು. ಪದ ಚೆನ್ನ, ನಡುವಿನ ಮಾತು ಸಪ್ಪೆ — ಹೀಗೆ ಸಾಗುವ ಅವರ ತೀರ್ಪುಗಳಲ್ಲಿ ಲಯ, ಕಂಠ, ಕಥನ, ಔಚಿತ್ಯ ಎಲ್ಲದರ ವಿವೇಚನೆಯೂ ಉಂಟು. "ಕ್ಯಾಸೆಟ್ಟು ಬುಡು ಕಣಾ, ಎದುರ್ಗೆ ಕುಂತು ಕೇಳ್ಬೇಕು" ಎಂದು ಯಾರಾದರೊಬ್ಬರು ಅಂದರೆ, ಅದಕ್ಕೆ ಪ್ರತಿಯಾಗಿ ಕ್ಯಾಸೆಟ್ಟಿನ ಪರ ವಾದಿಸುವವರೂ ಅಲ್ಲಿಯೇ ಸಿಕ್ಕುತ್ತಾರೆ. ಪಾಡ್‌ಕಾಸ್ಟಿಗೆ ಬೇಕಾದುದು ಈ ಅಂಗಳದ ಮಾತು. ಅದನ್ನು ಹಿಡಿದಿಡುವ ಪಾತ್ರೆ ಇಂದಿನವರೆಗೆ ಇರಲಿಲ್ಲ. ಪತ್ರಿಕೆಯ ಅಂಕಣಕ್ಕೆ ಸ್ಥಳದ ಮಿತಿ, ರೇಡಿಯೋಗೆ ವೇಳೆಯ ಮಿತಿ, ಟಿ.ವಿ.ಗೆ ತಾಳ್ಮೆಯ ಮಿತಿ. ಪಾಡ್‌ಕಾಸ್ಟಿಗೆ ಈ ಮೂರರ ಪೈಕಿ ಯಾವುದೂ ಇಲ್ಲ.

ಅಷ್ಟುದ್ದದ ಮಾತನ್ನು ಕೇಳುವವರು ಯಾರು ಎಂದು ಕೇಳುವಿರಾದರೆ, ‘ತಲೆ-ಹರಟೆ’ಯಂತಹ ಕನ್ನಡ ಪಾಡ್‌ಕಾಸ್ಟ್ ದೀರ್ಘ ಸಂಭಾಷಣೆಗಳಿಂದಲೇ ಶ್ರೋತೃಗಳನ್ನು ಗಳಿಸಿಕೊಂಡದ್ದನ್ನು ನೋಡಬಹುದು, ಅದು ಬೆಂಗಳೂರಿನ ಮಾತಾಯಿತೆನ್ನುವವರು ಒಂದು ಸಂಜೆ ಗುಂಡ್ಲುಪೇಟೆಗೆ ಬರಲಿ. ಮೈಸೂರಿನಿಂದ ಬಂದ ಹೆದ್ದಾರಿ ಅಲ್ಲಿ ಕವಲೊಡೆದು ಒಂದು ಊಟಿಗೂ ಮತ್ತೊಂದು ಸುಲ್ತಾನ್ ಬತ್ತೇರಿಗೂ ಹೋಗುತ್ತದೆ. ಬಂಡೀಪುರದ ಕಾಡಿನ ಮೂಲಕ ರಾತ್ರಿ ಒಂಬತ್ತರಿಂದ ಬೆಳಗಿನ ಆರರವರೆಗೆ ವಾಹನ ಸಂಚಾರವನ್ನು 2009ರಲ್ಲಿ ನಿಷೇಧಿಸಿದಂದಿನಿಂದ, ಹೊತ್ತು ಮೀರಿ ಬಂದ ಲಾರಿಗಳು ರಸ್ತೆಯ ಪಕ್ಕದಲ್ಲಿ ಸಾಲುಗಟ್ಟಿ ಬೆಳಗಾಗುವುದನ್ನು ಕಾಯುತ್ತವೆ. ಈರುಳ್ಳಿ, ತರಕಾರಿಗಳ ಮೂಟೆಗಳ ಮುಂದೆ, ಆಸನವನ್ನು ಹಿಂದಕ್ಕೆ ವಾಲಿಸಿಕೊಂಡ ಡ್ರೈವರುಗಳ ಮೊಬೈಲಿನಿಂದ ಒಂದೆಡೆ ಮಲಯಾಳದ ಮಾಪ್ಪಿಳಪಾಟ್ಟು, ಇನ್ನೊಂದೆಡೆ ಇಳಯರಾಜಾ, ಮತ್ತೊಂದೆಡೆ ಮಾದಪ್ಪನ ಪದ. ಕಾಡು ತೆರೆಯುವವರೆಗೆ ಇವರಿಗೆ ಇರುವುದೆಲ್ಲ ಕಾಲವೇ.

ಇಂತಹದನ್ನು ಆರಂಭಿಸಲು ದೊಡ್ಡ ಸಂಸ್ಥೆ ಬೇಕೆಂಬ ಭ್ರಮೆಯೂ ನಮಗೆ ಬೇಡ. 1935ರ ಸೆಪ್ಟೆಂಬರಿನಲ್ಲಿ ಮೈಸೂರಿನ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಾದ ‘ವಿಠ್ಠಲ ವಿಹಾರ’ದಲ್ಲಿಯೇ ಮೂವತ್ತು ವಾಟ್ ಶಕ್ತಿಯ ಪ್ರಸಾರಯಂತ್ರವೊಂದನ್ನು ಇಟ್ಟುಕೊಂಡು ಬಾನುಲಿಯನ್ನು ಆರಂಭಿಸಿದರು, ಅದಕ್ಕೆ ಇಟ್ಟ ‘ಆಕಾಶವಾಣಿ’ ಎಂಬ ಹೆಸರೇ ಮುಂದೆ ದೇಶದ ಬಾನುಲಿಗೆಲ್ಲ ಹೆಸರಾಯಿತು. ಮನಶ್ಶಾಸ್ತ್ರದ ಅಧ್ಯಾಪಕರೊಬ್ಬರು ಸ್ವಂತ ಮನೆಯಿಂದ ಅಂದು ಮಾಡಿದ್ದನ್ನು, ಅದಕ್ಕಿಂತ ಎಷ್ಟೋ ಸುಲಭವಾದ ಉಪಕರಣವನ್ನು ಜೇಬಿನಲ್ಲಿಟ್ಟುಕೊಂಡಿರುವ ಚಾಮರಾಜನಗರದ ಕಾಲೇಜು ಹುಡುಗ ಹುಡುಗಿಯರು ಮಾಡಲಾರರೆ? ಅವರು ಮಾತ್ರ ಪುಸ್ತಕದ ಕನ್ನಡದಲ್ಲಿ ಮಾತನಾಡಲು ಹೋಗಬಾರದು. ನನ್ನಂತಹವರು ಬರೆಯುವ ಈ ಭಾಷೆ ಅಚ್ಚಿಗೆ ಇರಲಿ. ಮೈಕಿಗೆ ಅವರ ಮನೆಯ ಮಾತೇ ಚೆಂದ.

ವಿಷಯಕ್ಕೂ ಬರವಿಲ್ಲ. ನಮ್ಮ ಗಡಿಯಾಚೆಗೆ ಕೂಗಳತೆಯಲ್ಲಿರುವ ತಾಳವಾಡಿಯ ಗಾಜನೂರು ಇಂದು ತಮಿಳುನಾಡಿಗೆ ಸೇರಿದ್ದರೂ ಅಲ್ಲಿನ ಮನೆಮಾತು ಕನ್ನಡ. ಆ ಊರಿನಲ್ಲಿ 1929ರಲ್ಲಿ ಹುಟ್ಟಿದ ರಾಜ್‌ಕುಮಾರರನ್ನು ನಟನೆಂದು ಹೊಗಳುವವರು ಕೋಟಿ, ಗಾಯಕನೆಂದು ಕೂಲಂಕಷವಾಗಿ ವಿಮರ್ಶಿಸಿದವರು ಕೆಲವರೇ. ಬಹುಕಾಲ ಪಿ.ಬಿ. ಶ್ರೀನಿವಾಸರ ಕಂಠಕ್ಕೆ ತುಟಿಯಾಡಿಸಿದ ಆ ನಟ 1974ರ ‘ಸಂಪತ್ತಿಗೆ ಸವಾಲ್’ ಚಿತ್ರದಿಂದಾಚೆಗೆ ತಮ್ಮ ಹಾಡುಗಳನ್ನು ತಾವೇ ಹಾಡತೊಡಗಿ, ‘ಜೀವನ ಚೈತ್ರ’ದ ಹಾಡಿಗೆ 1992ನೆಯ ಸಾಲಿನ ರಾಷ್ಟ್ರಪ್ರಶಸ್ತಿಯನ್ನೂ ಪಡೆದರಲ್ಲ, ಆ ಹದಿನೆಂಟು ವರ್ಷಗಳಲ್ಲಿ ಕಂಠ ಹೇಗೆ ಪಳಗಿತು, ರಂಗಭೂಮಿಯ ಗಾಯನದ ಪಾಲೆಷ್ಟು, ಈ ಸೀಮೆಯ ನುಡಿಯ ಏರಿಳಿತದ ಪಾಲೆಷ್ಟು ಎಂದು ಹಾಡು ಹಾಡನ್ನೂ ಎದುರಿಗಿಟ್ಟುಕೊಂಡು ಮಾತನಾಡಬಹುದು. ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಹಾಡುಗಳನ್ನು ಸೋಲಿಗರ ಬಾಯಿಂದಲೇ ಚರ್ಚಿಸುವುದಾದರೆ ಅದೇ ಬೇರೊಂದು ಪ್ರಪಂಚ.

ಕಾನೂನಿನ ತೊಡಕೊಂದು ಉಂಟು. ನಮ್ಮ 1957ರ ಕೃತಿಸ್ವಾಮ್ಯ ಶಾಸನದ ಪ್ರಕಾರ ಧ್ವನಿಮುದ್ರಿಕೆಯ ಹಕ್ಕು ಅರವತ್ತು ವರ್ಷ ನಿಲ್ಲುತ್ತದೆಯಾದ್ದರಿಂದ, ಕ್ಯಾಸೆಟ್ಟು ಯುಗದ ಸುರುಳಿಗಳೆಲ್ಲ ಇನ್ನೂ ಕಂಪನಿಗಳ ಸ್ವತ್ತು. ವಿಮರ್ಶೆಗಾಗಿ ನ್ಯಾಯವಾದಷ್ಟನ್ನು ಬಳಸಿಕೊಳ್ಳಲು ಅದೇ ಶಾಸನದ 52ನೆಯ ಪ್ರಕರಣ ಅವಕಾಶ ಕೊಟ್ಟಿದೆಯಾದರೂ, ಯಂತ್ರಗಳೇ ಹಾಡನ್ನು ಗುರುತುಹಿಡಿದು ತಡೆಯುವ ಈ ಕಾಲದಲ್ಲಿ ಆ ಸೂಕ್ಷ್ಮವನ್ನು ಯಂತ್ರಕ್ಕೆ ತಿಳಿಯಹೇಳುವುದು ಕಷ್ಟ. ಯಾರೊಬ್ಬರ ಸೊತ್ತೂ ಅಲ್ಲದ ಪರಂಪರೆಯ ಪದಕ್ಕೆ, ಅದನ್ನು ಮುದ್ರಿಸಿಕೊಂಡ ಕಂಪನಿ ಅಡ್ಡಗಾಲು ಹಾಕುವುದಂತೂ ವಿಚಿತ್ರವೇ ಸರಿ. ಇದಕ್ಕೆ ಸುಲಭವಾದ ಪರಿಹಾರ ಜೀವಂತ ಕಥೆಗಾರರನ್ನೇ ಕರೆದು, ಸಂಭಾವನೆ ಕೊಟ್ಟು, ಎದುರಿಗೆ ಹಾಡಿಸಿ ಮಾತನಾಡುವುದು.

ಹಾಗೆ ಮಾಡುವಾಗ ಒಂದು ನಿಯಮವನ್ನು ಮೊದಲೇ ಹಾಕಿಕೊಳ್ಳಬೇಕೆಂದು ನನ್ನ ಹಟ. ಡಾ. ಕೆ. ಕೇಶವನ್ ಪ್ರಸಾದರು ಸಂಗ್ರಹಿಸಿದ ಮಾದೇಶ್ವರನ ಕಾವ್ಯದ ಮೇಲೆ ಹಾಡಿದ ಹೆಬ್ಬಣಿ ಮಾದಯ್ಯನವರ ಹೆಸರಿದೆ. ವಿದ್ವಾಂಸರು ಆ ಋಣವನ್ನು ತೀರಿಸಿದರು. ಕ್ಯಾಸೆಟ್ಟಿನ ಹೊದಿಕೆಯ ಮೇಲಾದರೋ ದೇವರ ಚಿತ್ರ, ಕಂಪನಿಯ ಹೆಸರು, ಮುಖ್ಯಗಾಯಕರ ಹೆಸರು. ದಮ್ಮಡಿ ಬಡಿದವರು, ಗಗ್ಗರ ಹಿಡಿದವರು, ರಾತ್ರಿಯಿಡೀ ಸೊಲ್ಲೆತ್ತಿದವರು ‘ಸಂಗಡಿಗರು’ ಎಂಬ ಒಂದೇ ಪದದೊಳಗೆ ಅಡಗಿಹೋದರು. ಗೌಹರ್ ಜಾನ್ ಮೂರು ನಿಮಿಷದ ತಟ್ಟೆಯಲ್ಲಿಯೂ ತನ್ನ ಹೆಸರಿಗೆ ಜಾಗ ಮಾಡಿಕೊಂಡಳು. ಗಂಟೆಗಟ್ಟಲೆ ಬಿಡುವಿರುವ ಪಾಡ್‌ಕಾಸ್ಟಿನಲ್ಲಿ ಪ್ರತಿ ಸಂಚಿಕೆಯ ಕೊನೆಗೂ ಹಿಮ್ಮೇಳದ ಒಬ್ಬೊಬ್ಬರೂ ತಮ್ಮ ಹೆಸರನ್ನು, ಊರನ್ನು, ಕಥೆ ಕಲಿಸಿದ ಗುರುವಿನ ಹೆಸರನ್ನು ತಾವೇ ಹೇಳಲಿ. ಸಿದ್ದಪ್ಪಾಜಿಯ ಚಿಕ್ಕಲ್ಲೂರಿನ ಜಾತ್ರೆಯ ಹುಣ್ಣಿಮೆಯ ರಾತ್ರಿ, ಅಲ್ಲಿ ಹಚ್ಚುವ ಚಂದ್ರಮಂಡಲ ಉರಿದು ಜನ ತಂತಮ್ಮ ಬಿಡಾರಗಳಿಗೆ ಮರಳಿದ ಮೇಲೆ, ನೀಲಗಾರರ ಗುಂಪುಗಳು ಅಲ್ಲಲ್ಲಿ ಕುಳಿತಿರುತ್ತವೆ. ಮೊದಲ ಸಂಚಿಕೆಗೆ ಅಪ್ಪಣೆ ಕೇಳುವುದಾದರೆ ಅಲ್ಲಿಯೇ ಕೇಳಬಹುದು.