ಮನೆ ಸೇರದ ನಲವತ್ತೊಂಬತ್ತು

12ನ್ನು ಅವಿಭಾಜ್ಯ ಅಪವರ್ತನಗಳಾಗಿ ಬಿಡಿಸಿ ಎಂದರೆ ನೀವು 2×2×3 ಎಂದು ಬರೆದು ಪುಸ್ತಕ ಮುಚ್ಚುತ್ತೀರಿ. ಅಲ್ಲಿಗೇ ನಿಲ್ಲದೆ ಒಂದು ಆಟ ಆಡೋಣವೇ?

ನಿಯಮ ಇಷ್ಟೇ. ಸಿಕ್ಕ ಅಪವರ್ತನಗಳನ್ನು ಚಿಕ್ಕದರಿಂದ ದೊಡ್ಡದಕ್ಕೆ, ಗುಣಾಕಾರದ ಗುರುತು ಬಿಟ್ಟು, ಸಾಲಾಗಿ ಜೋಡಿಸಿ. ಬಂದ ಸಂಖ್ಯೆಯನ್ನು ಮತ್ತೆ ಬಿಡಿಸಿ, ಮತ್ತೆ ಜೋಡಿಸಿ. ಅವಿಭಾಜ್ಯ ಸಂಖ್ಯೆ ಸಿಕ್ಕೊಡನೆ ಆಟ ಮುಗಿಯಿತು. ಅದೇ ಹೊರಟ ಸಂಖ್ಯೆಯ ಮನೆ. ಗಣಿತಜ್ಞರು ಇದನ್ನು 'ಹೋಮ್ ಪ್ರೈಮ್' ಎಂದು ಕರೆಯುತ್ತಾರೆ.

12 ಒಂದೇ ಹೆಜ್ಜೆಗೆ 223 ಎಂಬ ಮನೆ ಸೇರುತ್ತದೆ. 10ರ ದಾರಿ ತುಸು ಉದ್ದ. 10 = 2×5, ಆದ್ದರಿಂದ 25. 25 = 5×5, ಆದ್ದರಿಂದ 55. 55 = 5×11, ಆದ್ದರಿಂದ 511. 511 = 7×73, ಆದ್ದರಿಂದ 773. ಇದು ಅವಿಭಾಜ್ಯ. ಪುಟ್ಟ 8 ಮಾತ್ರ ಅಲೆದಲೆದು 19 ಅಂಕಿಗಳ ಮನೆಯೊಂದನ್ನು ಸೇರುತ್ತದೆ!

ಇನ್ನು 49ರ ಕಥೆ ಕೇಳಿ. 77, 711, 3379, 31109, 132393, 344131... ಹೀಗೆ ಹೊರಟದ್ದು ಇನ್ನೂ ನಡೆಯುತ್ತಲೇ ಇದೆ. ಕಂಪ್ಯೂಟರುಗಳು 100ಕ್ಕೂ ಹೆಚ್ಚು ಹೆಜ್ಜೆ ಹಿಂಬಾಲಿಸಿವೆ. ಸಂಖ್ಯೆ 200 ಅಂಕಿಗಳನ್ನೂ ಮೀರಿ ಬೆಳೆದಿದೆ. ಮನೆ ಮಾತ್ರ ಸಿಕ್ಕಿಲ್ಲ. ಪ್ರತಿ ಹೆಜ್ಜೆಗೂ ಸಂಖ್ಯೆ ದೊಡ್ಡದಾಗುವುದರಿಂದ ಅದು ಸುತ್ತಿ ಬಳಸಿ ಹಳೆಯ ಜಾಗಕ್ಕೆ ಮರಳುವಂತೆಯೂ ಇಲ್ಲ. ಮನೆಯೇ ಇಲ್ಲವೇ, ಅಥವಾ ಬಹುದೂರದಲ್ಲಿದೆಯೇ? ಯಾರಿಗೂ ಗೊತ್ತಿಲ್ಲ.

ಕಂಪ್ಯೂಟರಿಗೂ ಇದೇಕೆ ಕಷ್ಟ? ಎರಡು ದೊಡ್ಡ ಅವಿಭಾಜ್ಯಗಳನ್ನು ಗುಣಿಸುವುದು ಸುಲಭ. ಗುಣಲಬ್ಧವನ್ನಷ್ಟೇ ಕೊಟ್ಟು ಅವೆರಡನ್ನೂ ಹುಡುಕೆಂದರೆ ಮಹಾ ಕಷ್ಟ. ಈ ಕಷ್ಟವನ್ನೇ ಬೀಗವಾಗಿಸಿ ರಿವೆಸ್ಟ್, ಶಮೀರ್, ಆಡಲ್‌ಮನ್ ಎಂಬ ಮೂವರು 1977ರಲ್ಲಿ 'ಆರ್‌ಎಸ್‌ಎ' ಎಂಬ ಗುಪ್ತಲಿಪಿ ವಿಧಾನವನ್ನು ರೂಪಿಸಿದರು. ಕಂಪ್ಯೂಟರುಗಳ ನಡುವಿನ ಗುಟ್ಟಿನ ವ್ಯವಹಾರ ಕಾಯಲು ಅದು ವ್ಯಾಪಕವಾಗಿ ಬಳಕೆಗೆ ಬಂತು.

ತಂದೆ ತಾಯಿಯರಿಗೊಂದು ಮಾತು. ಗಣಿತದಲ್ಲಿ ಎಲ್ಲವನ್ನೂ ಹಿಂದಿನವರೇ ಮಾಡಿ ಮುಗಿಸಿದ್ದಾರೆ ಎಂದು ಎಷ್ಟೋ ಮಕ್ಕಳು ಭಾವಿಸುತ್ತಾರೆ. ಅವರ ಮುಂದೆ 49ನ್ನು ಇಡಿ. ಪ್ರಶ್ನೆ ಶಾಲೆಯ ಮಗುವಿಗೂ ಅರ್ಥವಾಗುತ್ತದೆ, ಉತ್ತರ ದೊಡ್ಡ ವಿದ್ವಾಂಸರಿಗೂ ಸಿಕ್ಕಿಲ್ಲ. 'ಗೊತ್ತಿಲ್ಲ' ಎನ್ನಲು ನೀವೂ ನಾಚಬೇಕಾಗಿಲ್ಲ. ಜೊತೆಗೆ ಕುಳಿತು ಲೆಕ್ಕ ಮಾಡಿದರೆ ಸಾಕು.

ಈ ವಾರದ ಲೆಕ್ಕ: 15ರ ಮನೆ ಯಾವುದು? ನಾಲ್ಕೇ ಹೆಜ್ಜೆ, ಪೆನ್ಸಿಲ್ ಸಾಕು. ನಿಮ್ಮ ಉತ್ತರದ ಅಂಕಿಗಳನ್ನು ಕೂಡಿದಾಗ 13 ಬಂದರೆ ಸರಿಯಾದ ಮನೆಯ ಬಾಗಿಲನ್ನೇ ತಟ್ಟಿದ್ದೀರಿ ಎನ್ನಬಹುದು.