ಟೆನಿಸ್ ದಾಖಲೆಗಳೂ ವೃತ್ತಿಗಾರರಿಗಾದ ಅನ್ಯಾಯವೂ

ನೊವಾಕ್ ಜೋಕೊವಿಚ್‌ರವರು 2023ರಲ್ಲಿ ಅಮೆರಿಕದ ಪಂದ್ಯಾಟವನ್ನು ಗೆದ್ದು ತಮ್ಮ ಮಹಾಪದವಿಗಳ ಸಂಖ್ಯೆಯನ್ನು 24ಕ್ಕೆ ಏರಿಸಿದಂದಿನಿಂದ, ಟೆನಿಸ್ ಆಟಗಾರರಲ್ಲಿ ಸರ್ವೋತ್ತಮರು ಯಾರೆಂಬ ಪ್ರಶ್ನೆಯು ಅಂಕಗಣಿತದಿಂದಲೇ ಇತ್ಯರ್ಥವಾಯಿತೆಂದು ಹಲವರು ಭಾವಿಸಿದಂತಿದೆ. ಅವರ ಸಾಮರ್ಥ್ಯದಲ್ಲಿ ನಮಗೆ ಲೇಶವೂ ಸಂದೇಹವಿಲ್ಲ. ಆದರೆ ಈ ಲೆಕ್ಕದ ಪುಸ್ತಕವು ನ್ಯಾಯವಾಗಿ ಬರೆದುದಲ್ಲವೆಂಬುದನ್ನು ವಾಚಕರ ಗಮನಕ್ಕೆ ತರಬೇಕಾಗಿದೆ.

1968ನೆಯ ಇಸವಿಗೆ ಮುಂಚೆ ವಿಂಬಲ್ಡನ್ ಮೊದಲಾದ ನಾಲ್ಕು ಮಹಾ ಪಂದ್ಯಾಟಗಳ ಬಾಗಿಲು ಹಣಕ್ಕಾಗಿ ಆಡುವವರಿಗೆ ಮುಚ್ಚಿತ್ತು. ಹೊಟ್ಟೆಪಾಡಿಗೆ ಬೇರೆ ದಾರಿಯುಳ್ಳವನು ಸಭ್ಯನು, ಆಟದಿಂದಲೇ ಅನ್ನ ಸಂಪಾದಿಸುವವನು ಪಂಕ್ತಿಗೆ ಸಲ್ಲದವನು. ಇದು ಆಗಿನ ಕ್ರೀಡಾಧಿಪತಿಗಳ ಧರ್ಮಶಾಸ್ತ್ರ. ಹವ್ಯಾಸಿಗಳೆನಿಸಿಕೊಂಡವರಿಗೆ ಖರ್ಚಿನ ಹೆಸರಿನಲ್ಲಿ ಮರೆಯಿಂದ ಹಣ ಸಲ್ಲುತ್ತಿದ್ದುದಾದರೋ ಎಲ್ಲರೂ ಬಲ್ಲ ಗುಟ್ಟು!

ಆಸ್ಟ್ರೇಲಿಯಾದ ರಾಡ್ ಲೇವರ್‌ರವರು 1962ರಲ್ಲಿ ಆ ನಾಲ್ಕನ್ನೂ ಗೆದ್ದರು. ಬಳಿಕ ವೃತ್ತಿಗಾರರಾದರೆಂಬ ಒಂದೇ ಅಪರಾಧಕ್ಕಾಗಿ 1963ರಿಂದ 1967ರ ವರೆಗೆ 20 ಮಹಾ ಪಂದ್ಯಾಟಗಳಿಂದ ಹೊರಗುಳಿಯಬೇಕಾಯಿತು. ಬಹಿಷ್ಕಾರ ತೀರಿದ ಮರುವರ್ಷವೇ ಪುನಃ ನಾಲ್ಕನ್ನೂ ಗೆದ್ದರು. ಪುಸ್ತಕದಲ್ಲಿ ಅವರ ಹೆಸರಿಗಿರುವುದು 11 ಮಾತ್ರ. ನಡುವಣ 20ರಲ್ಲಿ ಎಷ್ಟು ಅವರ ಪಾಲಿಗೆ ಬರುತ್ತಿದ್ದುವೆಂದು ಊಹಿಸುವುದು ನಮ್ಮ ಕೆಲಸವಲ್ಲ. ಸೊನ್ನೆಯಾಗುತ್ತಿರಲಿಲ್ಲವೆಂದು ಮಾತ್ರ ಹೇಳಬಲ್ಲೆವು. ಕೆನ್ ರೋಸ್‌ವಾಲ್‌ರವರ ಕಥೆ ಇನ್ನೂ ಮರುಕ ಹುಟ್ಟಿಸತಕ್ಕದ್ದು. ಹನ್ನೊಂದು ವರ್ಷ ಹೊರಗಿದ್ದ ಅವರು, 1968ರಲ್ಲಿ ಫ್ರೆಂಚ್ ಪಂದ್ಯಾಟದ ಬಾಗಿಲು ತೆರೆದೊಡನೆಯೇ ಲೇವರ್‌ರವರನ್ನು ಸೋಲಿಸಿ ಅದನ್ನು ಗೆದ್ದರು. 1974ರಲ್ಲಿ, 39ನೆಯ ವಯಸ್ಸಿನಲ್ಲಿಯೂ, ವಿಂಬಲ್ಡನ್ನಿನ ಅಂತಿಮ ಸ್ಪರ್ಧೆಯನ್ನು ಮುಟ್ಟಿದರು. ಆ ಪದವಿ ಅವರಿಗೆ ಎಂದೂ ದಕ್ಕಲಿಲ್ಲ.

ನಮ್ಮ ರಾಮನಾಥನ್ ಕೃಷ್ಣನ್‌ರವರಿಗೂ ಜಾಕ್ ಕ್ರೇಮರ್‌ರವರ ವೃತ್ತಿಮಂಡಲಿಯಿಂದ ಕರೆ ಬಂದಿತ್ತು. ಒಪ್ಪಿದ್ದರೆ ಹಣ ಬರುತ್ತಿತ್ತು, ದೇಶಕ್ಕಾಗಿ ಡೇವಿಸ್ ಕಪ್ ಆಡುವ ಹಕ್ಕು ಹೋಗುತ್ತಿತ್ತು. ಅವರು ಒಪ್ಪಲಿಲ್ಲ. 1966ರಲ್ಲಿ ಬ್ರೆಜಿಲ್ಲಿನ ಮೇಲೆ ಕಲ್ಕತ್ತೆಯಲ್ಲಿ ನಿರ್ಣಾಯಕ ಪಂದ್ಯವನ್ನು ಗೆದ್ದು ಭಾರತವನ್ನು ಅಂತಿಮ ಸುತ್ತಿಗೆ ಕೊಂಡೊಯ್ದವರು ಅವರೇ. ಅವರ ತ್ಯಾಗವನ್ನು ಕೊಂಡಾಡುತ್ತೇವೆ. ದೇಶಸೇವೆಗೂ ಜೀವನೋಪಾಯಕ್ಕೂ ಹಗೆ ಹಚ್ಚಿದ ಆ ನಿಯಮವನ್ನು ಕೊಂಡಾಡಲಾರೆವು. ಕೊಡಗಿನ ರೋಹನ್ ಬೋಪಣ್ಣನವರು ವೃತ್ತಿಗಾರರಾಗಿದ್ದುಕೊಂಡೇ ಹಲವು ವರ್ಷ ಡೇವಿಸ್ ಕಪ್ ಆಡಿದರು. 2024ರಲ್ಲಿ 43ನೆಯ ವಯಸ್ಸಿನಲ್ಲಿ ಆಸ್ಟ್ರೇಲಿಯಾದಲ್ಲಿ ಜೋಡಿ ಆಟದ ಪದವಿಯನ್ನೂ ಗೆದ್ದರು. ಇದರಿಂದ ದೇಶದ ಮಾನಕ್ಕೆ ಯಾವ ಕುಂದು ಬಂದಿತು?

ಬಾಗಿಲು ತೆರೆದ ಮೇಲೂ ಸ್ತ್ರೀಯರ ಪಾಲಿಗೆ ಅದು ಅರೆ ತೆರೆದುದೇ ಆಗಿತ್ತು. 1968ರ ವಿಂಬಲ್ಡನ್ನಿನಲ್ಲಿ ಲೇವರ್‌ರವರಿಗೆ 2,000 ಪೌಂಡು, ಬಿಲ್ಲಿ ಜೀನ್ ಕಿಂಗ್‌ರವರಿಗೆ 750. ಅಲ್ಲಿ ಬಹುಮಾನ ಸಮವಾದುದು 2007ರಲ್ಲಿ.

ಬಹಿಷ್ಕೃತರು ಆ ಕಾಲದಲ್ಲಿ ಕೈಕಟ್ಟಿ ಕುಳಿತಿರಲಿಲ್ಲ. ವೆಂಬ್ಲಿ, ಫ್ರಾನ್ಸ್, ಅಮೆರಿಕಗಳ ವೃತ್ತಿಗಾರರ ಪಂದ್ಯಾಟಗಳು ಮೂರನ್ನೂ 1963ರಲ್ಲಿ ರೋಸ್‌ವಾಲ್‌ರವರೂ 1967ರಲ್ಲಿ ಲೇವರ್‌ರವರೂ ಗೆದ್ದರು. ಮಹಾಪದವಿಗಳ ಪಟ್ಟಿಯನ್ನು ಮುದ್ರಿಸುವವರು ಅದರ ಪಕ್ಕದಲ್ಲಿಯೇ ಈ ಗೆಲುವುಗಳಿಗೂ ಒಂದು ಸಾಲನ್ನು ಮೀಸಲಿಡತಕ್ಕದ್ದೆಂದು ನಾವು ಒತ್ತಾಯಪಡಿಸುತ್ತೇವೆ.